ಗೊತ್ತಿದ್ದೂ ಕೇಳಿದ ಪ್ರಶ್ನೆ

"ಆ ಗುಡ್ಡದ ಮೇಲೆ ಮನೆಗಳಿಲ್ವಾ?"

ಹಿಂದಿನ ಸಾಲಿನಿಂದ ಬಂದ ಪ್ರಶ್ನೆಗೆ ನೊಯೆಲಿಯಾ ತಡವರಿಸಿದಳು. ಉರುಗ್ವೆಯಿಂದ ಕೋಸ್ಟರಿಕಾಗೆ ಎಂಬಿಎ ಓದಲು ಬಂದು ಅವಳಿಗೆ ವಾರವಷ್ಟೇ ಕಳೆದಿತ್ತು. ಇಂಧನ ಮತ್ತು ಪರಿಸರದ ತರಗತಿಯಲ್ಲಿ ಮೊದಲ ಸಲ ಎದ್ದು ನಿಂತು, ತನ್ನ ಊರಿನ ಗಾಳಿಯಂತ್ರಗಳಿಂದ ಬರುವ ಲಾಭವನ್ನು ಪರದೆಯ ಮೇಲೆ ತೋರಿಸುತ್ತಿದ್ದಳು. ಇಡೀ ತರಗತಿ ಮೆಚ್ಚಿ ತಲೆದೂಗುತ್ತಿತ್ತು... ಇವನೊಬ್ಬನನ್ನು ಬಿಟ್ಟು.

"ಇವೆ," ಎಂದಳು.

"ನಿಮ್ಮ ಲೆಕ್ಕದಲ್ಲಿ ಕಾಣಲಿಲ್ಲ. ಅದಕ್ಕೆ ಕೇಳ್ದೆ."

ತರಗತಿ ನಕ್ಕಿತು. ಅವನು ನಗಲಿಲ್ಲ. ಅವಳ ಕಣ್ಣನ್ನೇ ನೋಡುತ್ತಾ ಉತ್ತರಕ್ಕಾಗಿ ಕಾದ. ನೊಯೆಲಿಯಾಳ ಕಿವಿ ಬಿಸಿಯಾಯಿತು. 'ಎಂಥಾ ಜಂಭದ ಮನುಷ್ಯ...'

ಅವನ ಹೆಸರು ಓಲ್ಮನ್ ಕ್ವೆಸಾದಾ. ಮಿರವಾಯೆಸ್ ಜ್ವಾಲಾಮುಖಿಯ ತಪ್ಪಲಿನವನು. ಅಲ್ಲಿ ನೆಲದಡಿಯ ಬಿಸಿ ಹಬೆಯಿಂದ ವಿದ್ಯುತ್ ತೆಗೆಯುವ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದು, ರಜೆ ಹಾಕಿ ಓದಲು ಬಂದಿದ್ದ. ಮರುದಿನ ಕ್ಯಾಂಟೀನಿನಲ್ಲಿ ತಾನಾಗಿಯೇ ಅವಳೆದುರು ಬಂದು ಕೂತು, ಬ್ಯಾಲೆನ್ಸ್ ಶೀಟ್ ತನ್ನ ತಲೆಗೆ ಹೋಗುತ್ತಿಲ್ಲ, ಕಲಿಸಿಕೊಡ್ತೀರಾ ಎಂದು ಕೇಳಿದ. ಆಗದು ಎನ್ನಬೇಕೆಂದುಕೊಂಡವಳ ಬಾಯಿಂದ ಬಂದದ್ದು, "ನಾಳೆ ಬನ್ನಿ."

ಆ ನಾಳೆ ಒಂದು ವರ್ಷ ನಡೆಯಿತು. ಅವಳು ಹಣಕಾಸು ಕಲಿಸಿದಳು, ಅವನು ಹಬೆ, ಭೂಮಿ, ನೀರು ಕಲಿಸಿದ. ಬೆಳಗ್ಗೆ ಅವಳಿಗಾಗಿ ಕಾಫಿ ತಂದಿಡುತ್ತಿದ್ದ. ಅವಳಿಗೆ ಜ್ವರ ಬಂದಾಗ ಬಾಡಿಗೆ ಮನೆಯ ಬಾಗಿಲಿಗೆ ಬಂದು ಸಾರು ಕೊಟ್ಟು, ಒಳಗೆ ಕಾಲಿಡದೆ ಹೋದ. ಇಷ್ಟಾದರೂ ಅವಳನ್ನು 'ನೀವು' ಎನ್ನುವುದನ್ನು ಬಿಡಲಿಲ್ಲ.

ಉರುಗ್ವೆಯಲ್ಲಿ ಗೆಳೆಯರಿಗೆ ಯಾರೂ ಹಾಗೆ ಅನ್ನುವುದಿಲ್ಲ. ನೊಯೆಲಿಯಾ ಇದನ್ನು ಮನೆಯೊಡತಿಯ ಬಳಿ ಹೇಳಿಕೊಂಡಾಗ ಆಕೆ ಹೊಟ್ಟೆ ಹಿಡಿದು ನಕ್ಕಳು. ನನ್ನ ಗಂಡನನ್ನು ಮೂವತ್ತು ವರ್ಷದಿಂದ ನೀವು ಅಂತೀನಿ, ನಮ್ಮ ನಾಯಿಗೂ ಅಷ್ಟೇ ಮರ್ಯಾದೆ, ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು.

ಆದರೂ ಎರಡನೇ ವರ್ಷ ಗ್ರೆಟೆಲ್ ಬಂದಾಗ ನೊಯೆಲಿಯಾ ಅದನ್ನು ಹಚ್ಚಿಕೊಂಡೇ ಬಿಟ್ಟಳು.

ಗ್ರೆಟೆಲ್ ಓಲ್ಮನ್‌ನ ಊರಿನವಳು. ಸ್ಪೇನಿನಲ್ಲಿ ಒಂದು ವರ್ಷ ಓದಿ, ಉಳಿದದ್ದನ್ನು ಮುಗಿಸಲು ಇಲ್ಲಿಗೆ ಮರಳಿದ್ದಳು. ಮೊದಲ ದಿನವೇ ತರಗತಿಯ ಬಾಗಿಲಲ್ಲಿ ಓಲ್ಮನ್‌ನ ಬೆನ್ನಿಗೊಂದು ಗುದ್ದಿ, "ಏನೋ, ದಪ್ಪ ಆಗಿದೀಯ!" ಎಂದಳು.

"ನೀನು ಮಾತ್ರ ಬದಲಾಗಿಲ್ಲ ಬಿಡು," ಎಂದು ಅವನು ನಕ್ಕ.

ನೀನು...! ನೊಯೆಲಿಯಾ ತಿರುಗಿ ನೋಡಿದಳು.

ಅವರಿಬ್ಬರಿಗೂ ಹಿಂದೆ ಮದುವೆ ಗೊತ್ತಾಗಿತ್ತಂತೆ, ಆಮೇಲೆ ಏನಾಯಿತೋ ತಿಳಿಯದು ಎಂದು ಪಕ್ಕದ ಸೆಬಾಸ್ತಿಯಾನ್ ಪಿಸುಗುಟ್ಟಿದ. ಗ್ವಾಟೆಮಾಲಾದ ಈ ಹುಡುಗನಿಗೆ ಎಲ್ಲರ ಮನೆಯ ಸುದ್ದಿಯೂ ಬೇಕು. ಅಂದು ನೊಯೆಲಿಯಾಗೆ ಪಾಠ ಕಿವಿಗೆ ಬೀಳಲಿಲ್ಲ.

ಕೊನೆಯ ಅವಧಿಗೆ ಇಬ್ಬಿಬ್ಬರ ತಂಡ ಕಟ್ಟಿಕೊಂಡು ಒಂದು ನಿಜವಾದ ಯೋಜನೆ ಮಾಡಬೇಕಿತ್ತು. ಪರಿಸರಕ್ಕೆ ಹಣ ಹೂಡುವ ನಿಧಿಯೊಂದರ ಮುಖ್ಯಸ್ಥರು ಬಂದು ನೋಡಿ, ಒಂದನ್ನು ಆರಿಸಿ ಬಂಡವಾಳ ಕೊಡುತ್ತಾರೆ, ಗೆದ್ದವರಿಗೆ ತಮ್ಮಲ್ಲಿ ಕೆಲಸವನ್ನೂ ಕೊಡುತ್ತಾರೆ. ಓಲ್ಮನ್ ತನ್ನನ್ನೇ ಕರೆಯುತ್ತಾನೆಂದು ನೊಯೆಲಿಯಾ ಕಾದಳು. ಅವನು ಬಂದು, ತಲೆ ತಗ್ಗಿಸಿ, ಗ್ರೆಟೆಲ್ ಜೊತೆ ಸೇರಿದ್ದೇನೆ ಎಂದ. ತಮ್ಮೂರಿನ ಹೆಂಗಸರ ಸಂಘದ ಕೆಲಸವದು, ಅವಳೇ ಶುರು ಮಾಡಿದ್ದು ಎಂದೂ ಸೇರಿಸಿದ.

"ಒಳ್ಳೇದಾಯ್ತು," ಎಂದಳು ನೊಯೆಲಿಯಾ. "ನನ್ನನ್ನ ಸೆಬಾಸ್ತಿಯಾನ್ ಆಗಲೇ ಕೇಳಿದ್ದ."

ಸುಳ್ಳು. ಆಮೇಲೆ ಓಡಿಹೋಗಿ ಸೆಬಾಸ್ತಿಯಾನ್‌ನನ್ನು ಅವಳೇ ಕೇಳಿಕೊಂಡಳು.

ಅಲ್ಲಿಂದ ಅವಳ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಗ್ರಂಥಾಲಯದಲ್ಲಿ ಆ ಇಬ್ಬರ ತಲೆಗಳು ಒಂದೇ ಕಂಪ್ಯೂಟರಿನ ಮುಂದೆ. ಊಟದ ಹೊತ್ತಿನಲ್ಲಿ ಗ್ರೆಟೆಲ್ ತನ್ನ ತಟ್ಟೆಯ ಬಾಳೆಹಣ್ಣಿನ ಹೋಳನ್ನು ಅವನ ತಟ್ಟೆಗೆ ದಾಟಿಸುವುದು, ಅವನು ನೋಡದೆಯೇ ತಿನ್ನುವುದು. 'ಇಷ್ಟೊಂದು ಸಲಿಗೆ... ನನಗೆ ಮಾತ್ರ ಬಾಗಿಲ ಹೊರಗೆ ನಿಂತ ಮರ್ಯಾದೆ!'

ಅಂತಿಮ ಪ್ರದರ್ಶನಕ್ಕೆ ಕೆಲವೇ ದಿನ ಮುಂಚೆ ಓಲ್ಮನ್ ಬಂದು ತಮ್ಮ ಯೋಜನೆಯನ್ನು ಅವಳಿಗೆ ಓದಲು ಕೊಟ್ಟ. "ಹಣಕಾಸಲ್ಲಿ ನನಗೆ ನಿಮ್ಮ ಮೇಲೆ ಮಾತ್ರ ನಂಬಿಕೆ. ತಪ್ಪಿದ್ರೆ ಹೇಳಿ."

ಯೋಜನೆ ಚೆಂದವಿತ್ತು. ಸ್ಥಾವರದಿಂದ ಸುಮ್ಮನೆ ಹೊರಗೆ ಹೋಗುವ ಬಿಸಿನೀರನ್ನು ಊರಿಗೆ ತಂದು, ಅದರ ಶಾಖದಿಂದ ಮಾವು, ಅನಾನಸ್ ಒಣಗಿಸಿ ಮಾರುವುದು. ಆದರೆ ಒಂದು ಕಡೆ ಅವಳ ಬೆರಳು ನಿಂತಿತು. ಹದಿನೈದು ವರ್ಷ ಬಿಸಿನೀರು ಸಿಗುತ್ತದೆ ಎಂದು ಲೆಕ್ಕ ಹಾಕಿದ್ದರು. ಹಾಗೆಂದು ಸ್ಥಾವರದವರ ಜೊತೆ ಒಪ್ಪಂದವೇ ಆಗಿರಲಿಲ್ಲ. ತನ್ನ ಮೇಲಧಿಕಾರಿಗಳ ಬಾಯಿಮಾತನ್ನು ಓಲ್ಮನ್ ನಂಬಿಬಿಟ್ಟಿದ್ದ. ಬಂಡವಾಳ ಹೂಡುವವರು ಬಾಯಿಮಾತನ್ನು ನಂಬುವುದಿಲ್ಲ.

ಹೇಳಲೆಂದೇ ಹೊರಟಳು. ಅಂಗಳದ ಬೆಂಚಿನ ಮೇಲೆ ಗ್ರೆಟೆಲ್ ಅವನ ಭುಜಕ್ಕೆ ತಲೆಯಿಟ್ಟು ಕೂತಿದ್ದಳು. ಅವನ ಕೈ ಅವಳ ತಲೆ ಸವರುತ್ತಿತ್ತು.

ನೊಯೆಲಿಯಾ ಅಲ್ಲಿಂದಲೇ ತಿರುಗಿದಳು. ಮನೆಗೆ ಹೋಗಿ ಅವನಿಗೆ ಸಂದೇಶ ಕಳಿಸಿದಳು. 'ಓದಿದೆ. ಎಲ್ಲ ಚೆನ್ನಾಗಿದೆ.'

ಪ್ರದರ್ಶನದ ದಿನ ಊರಿನ ಹೆಂಗಸರೂ ಬಸ್ಸು ಹಿಡಿದು ಬಂದಿದ್ದರು. ಸಂಘದ ಮುಖ್ಯಸ್ಥೆ ದೋನ್ಯಾ ಎಲಿದಾ ಹಬ್ಬದ ಉಡುಪಿನಲ್ಲಿ ಮುಂದಿನ ಸಾಲಲ್ಲೇ ಕೂತಿದ್ದರು. ಓಲ್ಮನ್, ಗ್ರೆಟೆಲ್ ಮಾತು ಮುಗಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಂತೋಷದಲ್ಲಿ ಗ್ರೆಟೆಲ್ ಅವನನ್ನು ಅಪ್ಪಿಕೊಂಡಳು.

ಪ್ರಶ್ನೆಗಳಿವೆಯೇ ಎಂದು ಪ್ರಾಧ್ಯಾಪಕರು ಕೇಳಿದರು. ನೊಯೆಲಿಯಾಳ ಕೈ ಮೇಲೆ ಹೋಯಿತು.

"ಬಿಸಿನೀರು ಕೊಡ್ತೀವಿ ಅಂತ ಸ್ಥಾವರ ಎಷ್ಟು ವರ್ಷಕ್ಕೆ ಸಹಿ ಹಾಕಿದೆ?"

ಗ್ರೆಟೆಲ್ ಓಲ್ಮನ್ ಕಡೆ ನೋಡಿದಳು. ಅವನು ನಿಧಾನವಾಗಿ, ಇನ್ನೂ ಸಹಿ ಆಗಿಲ್ಲ ಎಂದ. ನಿಧಿಯವರು ಪೆನ್ನು ಕೆಳಗಿಟ್ಟರು. ಅಷ್ಟೇ... ಮುಗಿಯಿತು. ಸಂಜೆ ನೊಯೆಲಿಯಾ, ಸೆಬಾಸ್ತಿಯಾನ್ ಗೆದ್ದರೆಂದು ಘೋಷಣೆಯಾಯಿತು.

ಹೊರಗೆ ಹೆಂಗಸರು ಮಾತಿಲ್ಲದೆ ಬಸ್ಸು ಹತ್ತುತ್ತಿದ್ದರು. ಓಲ್ಮನ್ ಅವಳ ಮುಂದೆ ಬಂದು ನಿಂತ. ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

"ಓದಿದಾಗಲೇ ಗೊತ್ತಿತ್ತು, ಅಲ್ವಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನನ್ನ ಮೇಲೆ ಸಿಟ್ಟಿದ್ರೆ ನನ್ನನ್ನ ಬೈಬೇಕಿತ್ತು. ಆ ಹೆಂಗಸರು ನಿಮಗೇನು ಮಾಡಿದ್ರು?"

ಅವನು ಅದೇ ಬಸ್ಸು ಹತ್ತಿ ಊರಿಗೆ ಹೋದ. ಗೆದ್ದ ಖುಷಿಗೆ ಸೆಬಾಸ್ತಿಯಾನ್ ಊಟ ಕೊಡಿಸಿದ. ನೊಯೆಲಿಯಾ ಅರ್ಧಕ್ಕೇ ಎದ್ದು ಮನೆಗೆ ಹೋದಳು.

ಮರುದಿನ ಅವಳು ಹುಡುಕಿಕೊಂಡು ಹೋದದ್ದು ಗ್ರೆಟೆಲ್‌ಳನ್ನು. ತಾನು ತಪ್ಪು ಕಂಡೂ ಮುಚ್ಚಿಟ್ಟೆ, ಬೆಂಚಿನ ಮೇಲೆ ನಿಮ್ಮಿಬ್ಬರನ್ನು ನೋಡಿ ತಡೆಯಲಾಗಲಿಲ್ಲ ಎಂದು ಒಂದೂ ಬಿಡದೆ ಹೇಳಿದಳು.

ಗ್ರೆಟೆಲ್ ಪುಸ್ತಕ ಮುಚ್ಚಿಟ್ಟಳು.

"ಬೆಂಚಿನ ಮೇಲೆ ನೋಡಿದೆಯಲ್ಲ, ಅವತ್ತು ನಾನು ಕೊನೇ ಸಲ ಕೇಳಿದೆ, ಮತ್ತೆ ಸೇರೋಣವಾ ಅಂತ. ಆಗಲ್ಲ ಅಂದ. ನಾನು ಅಳ್ತಾ ಇದ್ದೆ ಕಣೇ. ಅವನು ಸಮಾಧಾನ ಮಾಡ್ತಿದ್ದ." ಅವಳ ದನಿ ಗಡುಸಾಯಿತು. "ಹೊಟ್ಟೆಕಿಚ್ಚು ನನಗಿರಲಿಲ್ಲ ಅಂದ್ಕೊಂಡ್ಯಾ? ನೀನಂದ್ರೆ ಆಗ್ತಿರಲಿಲ್ಲ ನನಗೆ. ಆದ್ರೂ ನಿನ್ನ ಕೆಲಸಕ್ಕೆ ನಾನು ಕೈ ಹಾಕಲಿಲ್ಲ."

ನೊಯೆಲಿಯಾಗೆ ನೆಲ ಬಿರಿಯಬಾರದೇ ಅನ್ನಿಸಿತು. ನಾನೇನು ಮಾಡಲಿ ಎಂದು ಕೇಳಿದಳು.

"ನನ್ನನ್ನ ಕೇಳ್ತೀಯಾ? ಊರಿಗೆ ಬಾ. ಅವರಿಗೆ ಹೇಳು."

ಬಂದಳು. ಮಾವಿನ ಕಾಲ. ಸಂಘದ ಶೆಡ್ಡಿನಲ್ಲಿ ಹೆಂಗಸರೆಲ್ಲ ಹಣ್ಣು ಹೆಚ್ಚುತ್ತಿದ್ದರು. ಅವರೆದುರು ನಿಂತು, ಗ್ರೆಟೆಲ್‌ಗೆ ಹೇಳಿದ್ದನ್ನೇ ಹೇಳಿದಳು. ಒಬ್ಬಳು ಚಾಕು ಕುಕ್ಕಿ ಎದ್ದು ಹೊರಗೆ ಹೋದಳು. ದೋನ್ಯಾ ಎಲಿದಾ ಮಾತ್ರ ಕೈಕೆಲಸ ನಿಲ್ಲಿಸಲಿಲ್ಲ.

"ಗಂಡಸಿಗೋಸ್ಕರ ನಮ್ಮ ಬಿಸಿನೀರು ತಣ್ಣಗೆ ಮಾಡಿದೆ," ಎಂದರು. "ಈಗ ಮತ್ತೆ ಕಾಯಿಸು. ನಿನಗೆ ಆ ವಿದ್ಯೆ ಬರುತ್ತಲ್ಲ."

ಅದೇ ಅವಳಿಗೆ ಸಿಕ್ಕ ಕ್ಷಮೆ. ಗ್ರೆಟೆಲ್ ಜೊತೆ ಕೂತು ಅವಳು ಒಪ್ಪಂದವನ್ನು ಬರೆದಳು. ಸ್ಥಾವರದ ಕಚೇರಿಗೆ ದೋನ್ಯಾ ಎಲಿದಾರನ್ನೂ ಕರೆದುಕೊಂಡು ಮೂವರೂ ಹೋದರು, ಮತ್ತೆ ಮತ್ತೆ ಹೋದರು. ಅಲ್ಲಿ ಮೇಜಿನ ಆಚೆ, ಓದು ಮುಗಿಸಿ ಕೆಲಸಕ್ಕೆ ಮರಳಿದ್ದ ಓಲ್ಮನ್ ಇರುತ್ತಿದ್ದ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಬೇರೆ ಒಂದು ಮಾತಿಲ್ಲ. ಇತ್ತ ನಿಧಿಯವರಿಗೂ ಅವಳು ನಡೆದದ್ದನ್ನೆಲ್ಲ ಬರೆದಳು. ಗೆದ್ದವರಿಗೆಂದು ಅವರು ಕೊಡಲಿದ್ದ ಕೆಲಸ ಅವಳ ಕೈತಪ್ಪಿತು. ಬಂಡವಾಳ ಸೆಬಾಸ್ತಿಯಾನ್ ಹೆಸರಿನಲ್ಲಿ ಉಳಿಯಿತು. ಒಪ್ಪಂದ ತನ್ನಿ, ಮುಂದಿನ ಸುತ್ತಿನಲ್ಲಿ ಊರನ್ನು ಮತ್ತೆ ನೋಡುತ್ತೇವೆ ಎಂದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಸ್ಥಾವರ ಹನ್ನೆರಡು ವರ್ಷಕ್ಕೆ ಸಹಿ ಹಾಕಿತು. ದೋನ್ಯಾ ಎಲಿದಾ ಶೆಡ್ಡಿನಲ್ಲಿ ಎಲ್ಲರಿಗೂ ಮಾವು ಹಂಚಿದರು. ಎದ್ದು ಹೋಗಿದ್ದ ಹೆಂಗಸೇ ನೊಯೆಲಿಯಾಗೆ ಕಾಫಿ ತಂದುಕೊಟ್ಟಳು.

ನೊಯೆಲಿಯಾ ಲೋಟ ಹಿಡಿದು ಜಗಲಿಗೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಓಲ್ಮನ್ ಬಂದು, ಒಂದಿಷ್ಟು ಜಾಗ ಬಿಟ್ಟು ಕೂತ. ಎದುರಿಗೆ ಬೆಟ್ಟದಿಂದ ಹಬೆ ಏಳುತ್ತಿತ್ತು.

"ನಿಮ್ಮನ್ನ ತಂಡಕ್ಕೆ ಯಾಕೆ ಕರೀಲಿಲ್ಲ ಗೊತ್ತಾ?" ಎಂದ ಕೊನೆಗೆ. "ನೀವು ಪಕ್ಕದಲ್ಲಿದ್ರೆ ನನಗೆ ಲೆಕ್ಕ ಕಾಣ್ತಿರಲಿಲ್ಲ, ನೀವೇ ಕಾಣ್ತಿದ್ರಿ. ಊರಿನ ಕೆಲಸ ಕೆಡುತ್ತೆ ಅಂತ ಹೆದರಿದೆ. ಆಮೇಲೆ ನೀವು ಆ ಸೆಬಾಸ್ತಿಯಾನ್ ಜೊತೆ ನಗ್ತಾ ಓಡಾಡೋದು ನೋಡಿ, ನಿಮಗೆ ನಾನು ಬೇಕಿಲ್ಲ ಅಂದ್ಕೊಂಡೆ."

ನೊಯೆಲಿಯಾಳ ಕಣ್ಣು ತುಂಬಿತು. "ನಿಮಗೆ ತೋರಿಸ್ಬೇಕು ಅಂತಲೇ ನಗ್ತಿದ್ದೆ. ನಾನು ನಿಮ್ಮನ್ನ ಪ್ರೀತಿಸ್ತೀನಿ ಓಲ್ಮನ್. ಅದನ್ನ ಹೇಳೋಕಾಗದೆ ಎಂಥಾ ಕೆಲಸ ಮಾಡಿಬಿಟ್ಟೆ..."

ಅವನು ನಡುವಿನ ಜಾಗ ದಾಟಿ ಅವಳ ಕೈ ಹಿಡಿದ. ಮಾವಿನ ರಸಕ್ಕೆ ಅಂಟಂಟಾಗಿತ್ತು ಆ ಕೈ.

"ಕೋಪ ಹೋಯ್ತಾ?" ಎಂದು ಅವಳು ಕೇಳಿದಳು.

"ಪೂರ್ತಿ ಇಲ್ಲ. ನೀವು ಇಲ್ಲೇ ಇದ್ರೆ ಬೇಗ ಹೋಗಬಹುದು."

"ಇರ್ತೀನಿ. ಆದ್ರೆ ನನಗೆ ಮುಂದೆಯೂ ಹೊಟ್ಟೆಕಿಚ್ಚು ಆಗುತ್ತೆ, ಹೇಳಿಬಿಡ್ತೀನಿ."

"ಆಗಲಿ. ಆದಾಗ ಮೊದಲು ನನ್ನ ಹತ್ರ ಹೇಳಿ."

"ಹಾಗಾದ್ರೆ ಈಗಲೇ ಹೇಳ್ಬೇಕು."

ಅವನು ಗಾಬರಿಯಿಂದ ಅವಳ ಕಡೆ ತಿರುಗಿದ. "ಈಗ ಯಾರ ಮೇಲೆ?"

"ದೋನ್ಯಾ ಎಲಿದಾ ಮೇಲೆ. ಒಳಗೆ ಎಲ್ಲರಿಗಿಂತ ದೊಡ್ಡ ಹಣ್ಣು ನಿಮಗೇ ಕೊಟ್ರು."

ಓಲ್ಮನ್ ನಕ್ಕ. ನಗುತ್ತಲೇ ಎದ್ದು ಒಳಗೆ ಹೋಗಿ, ಆ ಹಣ್ಣನ್ನು ತಂದು ಅವಳ ಮಡಿಲಲ್ಲಿಟ್ಟ.