ಕಡಲ ತಳದಲ್ಲೇ ಬೆರೆತ ನೀರು

“ಸೀಸೆ ಸೋರಿದೆ.”

ತುಂಬಿದ ಸಭೆಯಲ್ಲಿ ಅವಳು ಹಾಗೆಂದದ್ದು ಆ ಸೀಸೆ ಮಾಡಿದ ಎಂಜಿನಿಯರನ ಎದುರಿಗೇ... ಅಲ್ಲಿಯವರೆಗೆ ಅವನ ಮುಖವನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ.

ಬೆಳಕೇ ಇಳಿಯದ ಕಡಲಿನ ತಳದಲ್ಲಿ, ನೆಲದ ಬಿರುಕುಗಳಿಂದ ಉಕ್ಕುವ ಬಿಸಿನೀರನ್ನು ಹಿಡಿದು ತರುವ ಲೋಹದ ಸೀಸೆ ಅದು. ಅವನು ವರ್ಷಗಟ್ಟಲೆ ಕೂತು ಅದನ್ನು ಮಾಡಿದ್ದ. ಆ ನೀರನ್ನು ಪರೀಕ್ಷಿಸುವುದು ಅವಳ ಕೆಲಸ. ಅಪ್ಪಟ ಬುಗ್ಗೆಯ ನೀರಿನಲ್ಲಿ ಮೆಗ್ನೀಸಿಯಂ ಇರುವುದಿಲ್ಲ. ಬಿಸಿ ಬಂಡೆ ಅದನ್ನು ಹೀರಿಕೊಂಡಿರುತ್ತದೆ. ಅವನು ತಂದದ್ದರಲ್ಲಿ ಅದು ಧಾರಾಳವಾಗಿತ್ತು. ಅಂದರೆ ಮಾಮೂಲಿ ಸಮುದ್ರದ ನೀರು ಒಳನುಗ್ಗಿದೆ.

“ಮುಚ್ಚಳ ಸರಿಯಾಗೇ ಮುಚ್ಚಿತ್ತು” ಎಂದಷ್ಟೇ ಹೇಳಿ, ಅವಳತ್ತ ಒಮ್ಮೆ ನೋಡಿ, ಅವನು ಎದ್ದುಹೋದ. ಮುಂದಿನ ಸಮುದ್ರಯಾನಕ್ಕೆ ಆ ಸೀಸೆ ಬೇಡವೆಂದರು ಸಂಸ್ಥೆಯ ಮುಖ್ಯಸ್ಥರು.

ಆ ನೋಟ ಅವಳನ್ನು ಬಿಡಲಿಲ್ಲ. ಕೋಪವಾಗಿದ್ದರೆ ಮರೆಯಬಹುದಿತ್ತು. ಅದು ಕೋಪವಲ್ಲ... ಮತ್ತೇನು?

ಆಮೇಲೆ ಅವನು ಸಂಸ್ಥೆಯ ಊಟದ ಕೋಣೆಗೆ ಬರುವುದನ್ನೇ ಬಿಟ್ಟ. ನನ್ನ ಮುಖ ನೋಡಲೂ ಇಷ್ಟವಿಲ್ಲವೇನೋ ಎಂದುಕೊಂಡಳು. ಮನೆಯಲ್ಲಿ ತಟ್ಟೆಯ ಮುಂದೆ ಸುಮ್ಮನೆ ಕೂತವಳನ್ನು ನೋಡಿ ಅಕ್ಕ ನಕ್ಕಳು. “ಚಿಂತೆ ನೀರಿನದೋ, ನೀರು ತಂದವನದೋ?”

ಅವಳಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಾಗದ್ದನ್ನು ಹಾಗೇ ಬಿಡುವ ಜಾಯಮಾನ ಅವಳದಲ್ಲ.

ಉಳಿದಿದ್ದ ನೀರಿನಲ್ಲಿ ಸ್ಟ್ರಾನ್ಷಿಯಂ ಹುಡುಕಿದಳು. ಆ ಧಾತುವಿನಲ್ಲಿ ಭಾರದ ಪರಮಾಣುಗಳೂ ಇವೆ, ಹಗುರದವೂ ಇವೆ, ಐಸೊಟೋಪುಗಳು. ಅವುಗಳ ಪ್ರಮಾಣ ಕಡಲಿನಲ್ಲಿ ಒಂದು, ಬಂಡೆಯಲ್ಲಿ ಇನ್ನೊಂದು. ಸೀಸೆ ಸೋರಿದ್ದರೆ ಮೆಗ್ನೀಸಿಯಂ ಹೇಳಿದ ಲೆಕ್ಕವನ್ನೇ ಇದೂ ಹೇಳಬೇಕಿತ್ತು.

ಹೇಳಲಿಲ್ಲ. ಕಡಲಿನ ಪಾಲು ತೀರಾ ಕಡಿಮೆ ಎಂದಿತು. ಮತ್ತೆ ಅಳೆದಳು. ಅದೇ ಉತ್ತರ!

ಮುಖ್ಯಸ್ಥರಿಗೆ ತನ್ನದೇ ತಪ್ಪೆಂದು ತಿಳಿಸಿ, ನೇರ ಅವನ ವರ್ಕ್‌ಶಾಪಿಗೆ ಹೋದಳು. ಮೇಜಿನ ತುಂಬ ಸ್ಕ್ರೂ, ಸ್ಪ್ರಿಂಗು, ರಬ್ಬರಿನ ಉಂಗುರಗಳು. ನಡುವೆ ಬಿಚ್ಚಿಟ್ಟ ಸೀಸೆ. ಅವನ ಕಣ್ಣುಗಳು ಕೆಂಪಾಗಿದ್ದವು.

“ಸೀಸೆ ಸೋರಿಲ್ಲ” ಎಂದಳು. “ತಣ್ಣೀರು ಕಡಲ ತಳದ ಬಿರುಕಲ್ಲೇ ಇಳಿದು ಬೆರೆತಿದೆ. ಅಲ್ಲಿ ಕಾದಾಗ ಅದರ ಸ್ಟ್ರಾನ್ಷಿಯಂ ಬಿಳಿ ಕಲ್ಲಾಗಿ ಕಟ್ಟೋ ಲವಣದ ಜೊತೆ ಅಲ್ಲೇ ಕೂತುಬಿಟ್ಟಿದೆ, ಮೆಗ್ನೀಸಿಯಂ ಹೀರೋಕೆ ಮಾತ್ರ ಬಂಡೆಗೆ ಹೊತ್ತು ಸಾಲಲಿಲ್ಲ. ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟಲ್ವಾ, ಹಾಗೆ. ಮುಖ್ಯಸ್ಥರಿಗೂ ಹೇಳಿದೀನಿ, ಮುಂದಿನ ಯಾನಕ್ಕೆ ಈ ಸೀಸೆ ಹೋಗುತ್ತೆ.”

ಅವನು ಕೈಯಲ್ಲಿದ್ದ ಉಂಗುರವನ್ನು ಮೆಲ್ಲಗೆ ಕೆಳಗಿಟ್ಟ.

“ಹಾಗಾದ್ರೆ ನಾನು ಇಷ್ಟು ದಿನ ಹುಡುಕಿದ್ದು ಇಲ್ಲದ ತೂತು.”

“ಯಾಕೆ ಹುಡುಕಿದ್ರಿ? ಸರಿಯಾಗೇ ಮುಚ್ಚಿತ್ತು ಅಂದಿದ್ರಲ್ಲ!”

“ನೀವು ಸೋರಿದೆ ಅಂದ್ರಿ. ನೀವು ಸುಮ್ಮನೆ ಹೇಳೋರಲ್ಲ ಅನ್ನಿಸ್ತು.” ಅವನು ತಲೆ ತಗ್ಗಿಸಿದ. “ನಿಮ್ಮ ಕಣ್ಣಲ್ಲಿ ನಾನು ದಡ್ಡನಾಗಿ ಉಳಿಯೋದು ಬೇಡ ಅಂತ...”

ಅವನ ಮಾತು ನಿಜವಿರಬಹುದೆಂದು ಅವಳು ಅಳೆಯುತ್ತಿದ್ದಾಗ, ಅವನು ಅವಳ ಮಾತು ನಂಬಿ ಸೀಸೆ ಬಿಚ್ಚುತ್ತಿದ್ದ.

“ಯಾನಕ್ಕೆ ಈ ಸಲ ನೀವೂ ಬನ್ನಿ” ಎಂದ.

“ಹಡಗು ಹತ್ತಿದ್ರೆ ನಂಗೆ ತಲೆ ಸುತ್ತುತ್ತೆ.”

“ಪಕ್ಕದಲ್ಲಿ ನಾನಿರ್ತೀನಿ.”

“ಯಾನ ಮುಗಿಯೋವರೆಗಾ?”

ಅವನು ಈಗ ನೇರವಾಗಿ ನೋಡಿದ.

“ನೀವು ಸಾಕು ಅನ್ನೋವರೆಗೆ.”

“ನಾನು ಹಾಗೆಲ್ಲ ಸಾಕು ಅನ್ನೋಳಲ್ಲ” ಎಂದು ಅವಳು ಅವನ ಎದುರಿನ ಸ್ಟೂಲು ಎಳೆದುಕೊಂಡು ಕೂತಳು.