ಅದು ತುಂಬ ಹೊರಗೆ

“ಈ ಆಫ್‌ಸೆಟ್ ಅಂಕಿ ದೊಡ್ಡದಾದ್ರೆ ಚಕ್ರ ಹೊರಗೆ ಬರ್ಬೇಕು ತಾನೇ?”

“ಇಲ್ಲ, ಒಳಗೆ ಹೋಗುತ್ತೆ.”

“ಅದ್ಹೇಗೆ? ಸುಮ್ನೆ ಬಾಯಿಗೆ ಬಂದಿದ್ದು ಹೇಳ್ಬೇಡಿ!”

ತನ್ನ ಹಳದಿ ಸ್ಪೋರ್ಟ್ಸ್ ಕಾರಿನ ಮುಂದೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಚಕ್ರದಂಗಡಿಯವನು ವಾದಕ್ಕಿಳಿಯಲಿಲ್ಲ. ಮೊದಲು ಫ್ಯಾನನ್ನು ಅವಳ ಕಡೆ ತಿರುಗಿಸಿದ. ಆಮೇಲೆ ಒಂದು ಚಕ್ರವನ್ನು ಮಲಗಿಸಿ, ಬೋಲ್ಟ್ ಕೂರುವ ಜಾಗ ಮುಟ್ಟಿ ತೋರಿಸಿದ.

“ಈ ಜಾಗ ಚಕ್ರದ ಅಗಲದ ನಡುವಿನಿಂದ ಹೊರಗೆ ಎಷ್ಟು ದೂರ ಇದೆ ಅನ್ನೋದೇ ಆಫ್‌ಸೆಟ್. ಇದು ಹೊರಗೆ ಸರಿದಷ್ಟೂ ಚಕ್ರ ಒಳಗೆ ಸರಿಯುತ್ತೆ. ನಿಮ್ಮ ಕಾರಿಗೆ ಮುಂದೆ ನಲವತ್ತೈದು ಮಿಲಿಮೀಟರ್, ಹಿಂದೆ ಮೂವತ್ತೈದು.”

“ಬೇರೆ ಬೇರೆ ಯಾಕೆ?”

“ಹಿಂದೆ ಬಾಡಿ ಅಗಲ. ಅಲ್ಲಿ ಸ್ವಲ್ಪ ಹೊರಗೆ ಬಂದ್ರೇನೇ ಚೆನ್ನ.”

ಕೌಂಟರಿನಲ್ಲಿದ್ದ ಅವನ ಚಿಕ್ಕಮ್ಮ ನಕ್ಕರು. “ಅಂಗಡಿಗೆ ಒಂದು ಪ್ರಶ್ನೆಪತ್ರಿಕೆ ಬಂತಲ್ಲೋ!”

ಔಷಧಿ ಕಂಪನಿಯಲ್ಲಿ ಅವಳ ಕೆಲಸ. ಸದಾ ಊರೂರು ತಿರುಗಾಟ. ಆದರೂ ತರಿಸಲು ಹೇಳಿದ್ದ ಚಕ್ರ ಬಂತೇ ಎಂದು ಕೇಳುವ ನೆಪದಲ್ಲಿ ಅಂಗಡಿಗೆ ಬರುತ್ತಲೇ ಇದ್ದಳು. ಪ್ರತಿ ಸಲವೂ ಅವಳನ್ನು ಕಂಡೊಡನೆ ಚಿಕ್ಕಮ್ಮನದು ಒಂದೇ ಕೂಗು: “ಬಂತು ನೋಡೋ ಅದು!” ಪ್ರತಿ ಸಲವೂ ಫ್ಯಾನ್ ಅವಳ ಕಡೆ ತಿರುಗುತ್ತಿತ್ತು. ಅವನು ಮಾತ್ರ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ.

‘ಈ ಮನುಷ್ಯನ ಮನಸ್ಸಿನಲ್ಲಿ ಏನಿದೆ...?’

ಅವಳ ಎಲ್ಲ ಪ್ರಶ್ನೆಗಳೂ ಈಗ ಇದೊಂದರಲ್ಲೇ ಬಂದು ನಿಂತಿದ್ದವು. ಕೊನೆಗೆ ಚಿಕ್ಕಮ್ಮನೇ ಪಿಸುಗುಟ್ಟಿದರು. “ನಿನ್ನ ವಿಷಯ ಅವನನ್ನ ನಾನೇ ಕೇಳ್ತೀನಿ ಕಣೇ. ನಾಳೆ ಬಾ.”

ಮರುದಿನ ಬಂದಳು. ಕೌಂಟರಿನಲ್ಲಿ ಚಿಕ್ಕಮ್ಮ ಇರಲಿಲ್ಲ. ಟೈರುಗಳ ರಾಶಿಯ ಆಚೆ ಅವನು ಫೋನಿನಲ್ಲಿ ಮಾತಾಡುತ್ತಿದ್ದ.

“ಅದು ಬೇಡ ಚಿಕ್ಕಮ್ಮ... ತುಂಬ ಹೊರಗೆ. ಹೊಂದೋದೇ ಇಲ್ಲ. ವಾಪಸ್ ಕಳಿಸಿಬಿಡೋಣ.”

ಅವಳು ಬಾಗಿಲಲ್ಲೇ ನಿಂತಳು. ತುಂಬ ಹೊರಗೆ! ಊರು ತಿರುಗುವ ಹುಡುಗಿ ಬೇಡವೆಂದೇ? ಅಷ್ಟು ಹಗುರವಾಗಿ...!

ಕಣ್ಣೊರೆಸಿಕೊಂಡು ಹೊರಟವಳಿಗೆ ತಾನು ದಿನವೂ ಕೂರುವ ಕುರ್ಚಿ ಕಂಡಿತು. ಕುರ್ಚಿ ಖಾಲಿ. ಫ್ಯಾನ್ ಮಾತ್ರ ಆಗಲೇ ಅದರ ಕಡೆಗೇ ತಿರುಗಿ ಬೀಸುತ್ತಿತ್ತು.

‘ಬೇಡ ಅನ್ನುವವರು ಇದನ್ನು ಯಾಕೆ ಹೀಗಿಟ್ಟರು?’

ಕೇಳದೆ ಹೋಗುವುದು ಅವಳ ಜಾಯಮಾನವೇ ಅಲ್ಲ. ನೆಟ್ಟಗೆ ಅವನೆದುರು ಹೋಗಿ ನಿಂತಳು.

“‘ಅದು’ ಅಂದ್ರೆ ಯಾವುದು?”

ಅವನು ಬೆಪ್ಪಾಗಿ ಪಕ್ಕದ ಚಕ್ರ ತೋರಿಸಿದ. “ಇದು... ಹಿಂದಕ್ಕೆ ಮೂವತ್ತೈದು ಕೇಳಿದ್ರೆ ಇಪ್ಪತ್ತು ಕಳಿಸಿದ್ದಾರೆ. ಬಾಡಿಯಿಂದ ಹೊರಗೇ ಬರುತ್ತೆ. ನೀವೇನಂದ್ಕೊಂಡ್ರಿ?”

“ನಾನು ಅಂತ!”

“ನಿಮ್ಮನ್ನ ನಾನು ‘ಅದು’ ಅಂತೀನಾ?”

“ಚಿಕ್ಕಮ್ಮ ಅಂತಾರಲ್ಲ!”

ಇಬ್ಬರಿಗೂ ಒಟ್ಟಿಗೇ ನಗು ಬಂತು. ನಗುತ್ತಲೇ ಅವಳ ಕಣ್ಣಂಚು ಒದ್ದೆಯಾಯಿತು. ಗ್ರೀಸ್ ಮೆತ್ತಿದ ಕೈಯನ್ನು ಅವನು ಬಟ್ಟೆಗೆ ಒರೆಸಿದ, ಮತ್ತೆ ಮತ್ತೆ ಒರೆಸಿದ.

“ನಿನ್ನೆ ಕೇಳಿದ್ರು ಚಿಕ್ಕಮ್ಮ. ನಾನು... ಹೂಂ ಅಂದೆ.”

“ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ?”

ಅವನು ತಲೆ ತಗ್ಗಿಸಿದ. “ನನ್ನ ಅಂಕಿ ತುಂಬ ದೊಡ್ಡದು. ಎಲ್ಲಾ ಒಳಗೇ ಹೋಗುತ್ತೆ.”

ಅವಳು ಆ ಕೈಯನ್ನು, ಗ್ರೀಸಿನ ಸಮೇತ, ಹಿಡಿದುಕೊಂಡಳು.

“ಪರವಾಗಿಲ್ಲ. ನನ್ನದು ಚಿಕ್ಕದು, ಎಲ್ಲಾ ಹೊರಗೇ ಬರುತ್ತೆ. ಕೇಳ್ತಾನೇ ಇರ್ತೀನಿ.”

“ಕೇಳಿ... ಯಾವಾಗ್ಲೂ ಕೇಳ್ತಾನೇ ಇರಿ.”