ಅಳಲು ಒಂದು ಮೂಲೆ

ಮೊದಲ ದಿನವೇ ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿತ್ತು. ಗುಡ್ಡದ ಮೇಲಿನ ಕಾಲೇಜಿನ ಸಭಾಂಗಣವನ್ನು ಅಳೆದೂ ಸುರಿದೂ ಆರಿಸಿದವಳು ನಾನು. ಮತ್ತೆ ಪ್ರವಾಹ ಬಂದರೆ ಮನೆ ಕಳೆದುಕೊಂಡವರು ಬಂದು ಚೇತರಿಸಿಕೊಳ್ಳಲು ಊರಿನ ಪ್ರತಿ ಭಾಗಕ್ಕೂ ಒಂದು ಕೇಂದ್ರ ಬೇಕಿತ್ತು. ಅದಕ್ಕೆ ಜಾಗ ಹುಡುಕುವುದು ಎಂಜಿನಿಯರಾದ ನನ್ನ ಕೆಲಸ. ಜೊತೆಗೆ ಆಸ್ಪತ್ರೆಯಿಂದ ಒಬ್ಬ ಆಪ್ತ ಸಮಾಲೋಚಕನನ್ನು ಕಳಿಸಿದ್ದರು. ಇಬ್ಬರೂ ಒಪ್ಪಿದರಷ್ಟೇ ಜಾಗ ಖಾಯಂ.

ಆತ ಗೋಡೆ ನೋಡಲಿಲ್ಲ, ಛಾವಣಿ ನೋಡಲಿಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಸುತ್ತ ಕಣ್ಣಾಡಿಸಿದ.

“ಇಲ್ಲಿ ಅಳೋಕೆ ಮೂಲೆ ಎಲ್ಲಿದೆ ಮೇಡಂ?”

“ಏನು?”

“ಮನೆ ಮಠ ಕಳ್ಕೊಂಡು ಬಂದೋರು ಅಳ್ತಾರಲ್ವಾ? ಅಷ್ಟು ಜನರ ಕಣ್ಣೆದುರು ಅಳೋಕಾಗುತ್ತಾ?”

“ನೀರು ನುಗ್ಗದ ಜಾಗ ಸಿಕ್ಕಿದ್ದೇ ದೊಡ್ಡದು. ಮೂಲೆ ಬೇರೆ ಬೇಕಾ ನಿಮಗೆ?”

“ಬೇಕು,” ಎಂದ ಸಲೀಸಾಗಿ. “ಅಲ್ಲದೆ, ಮೆಟ್ಟಿಲು ಹತ್ತುವಾಗ ನಿಮಗೇ ಏದುಸಿರು ಬಂತು. ಅಜ್ಜಿಯರು, ಬಾಣಂತಿಯರು ಏನು ಮಾಡ್ಬೇಕು?”

ನನ್ನ ಏದುಸಿರನ್ನು ಗಮನಿಸಿದನಲ್ಲ ಎಂದು ಮೈ ಉರಿಯಿತು. ಅವನು ಹೇಳಿದ್ದು ಸರಿಯಾಗಿತ್ತಲ್ಲ ಎಂದು ಇನ್ನಷ್ಟು ಉರಿಯಿತು. ಅಂದೇ ಅವನಿಗೆ ‘ಮೂಲೆ ಮಹಾರಾಯ’ ಎಂದು ಹೆಸರಿಟ್ಟೆ. ಸದಾ ಅಳತೆ ಟೇಪು ಹಿಡಿದಿರುವ ನನಗೆ ಅವನಿಟ್ಟ ಹೆಸರು ‘ಟೇಪು ಮೇಡಂ’.

ಜಗಳ ಹಾಗೇ ಮುಂದುವರಿಯಿತು. ಯಾರಿಗೆ ಜಾಗ ಕಂಡರೂ ಇನ್ನೊಬ್ಬರ ಫೋನಿಗೆ ಲೊಕೇಶನ್ ಕಳಿಸುವುದು. ಮಾತಿಲ್ಲ ಕತೆಯಿಲ್ಲ, ಇನ್ನೊಬ್ಬರು ಅಲ್ಲಿಗೆ ಹಾಜರು. ಮುಚ್ಚಿದ ಸಿನಿಮಾ ಥಿಯೇಟರಿನಲ್ಲಿ ನಾನು ಗೋಡೆಯ ಮೇಲಿನ ಹಳೆಯ ನೀರಿನ ಗುರುತು ಅಳೆಯುತ್ತಿದ್ದರೆ, ಅವನು ವಾಚ್‌ಮನ್ ಹೆಂಡತಿಯ ಪಕ್ಕ ಕೂತು, ಕತ್ತಲಾದ ಮೇಲೆ ಹಿತ್ತಲಿನ ಟಾಯ್ಲೆಟ್ಟಿಗೆ ಒಬ್ಬಳೇ ಹೋಗಲು ಭಯವಾಗುತ್ತದೆಯೇ ಎಂದು ಕೇಳುತ್ತಿದ್ದ. ಯಾರ ಮಾತನ್ನೂ ಅರ್ಧಕ್ಕೆ ತಡೆಯುತ್ತಿರಲಿಲ್ಲ. ಕೇಳುವಾಗ ಕತ್ತನ್ನು ಒಂದಿಷ್ಟು ವಾಲಿಸುತ್ತಿದ್ದ. ಅಂಥ ಕಿವಿ ಯಾರಿಗಿದೆ ಎಂದುಕೊಳ್ಳುತ್ತ ನಾನು ಅಳತೆ ಮರೆತು ಆ ಕತ್ತನ್ನೇ ನೋಡುತ್ತಿದ್ದೆ.

“ಎಷ್ಟು ಬಂತು ಮೇಡಂ?” ಟೇಪಿನ ಇನ್ನೊಂದು ತುದಿ ಹಿಡಿದು ಕೇಳುತ್ತಿದ್ದ.

“ಇರಿ, ಇನ್ನೊಂದ್ಸಲ ಅಳೀಬೇಕು.”

“ಆಗ್ಲೇ ಎರಡು ಸಲ ಅಳೆದ್ರಿ.”

“ನಿಮಗೇನಂತೆ? ಸುಮ್ನೆ ಹಿಡ್ಕೊಳ್ಳಿ.”

ಸುಮ್ಮನೆ ಹಿಡಿದುಕೊಳ್ಳುತ್ತಿದ್ದ. ತುಟಿಯಂಚಿನ ನಗುವನ್ನು ಮಾತ್ರ ಮುಚ್ಚಿಡುತ್ತಿರಲಿಲ್ಲ.

ಒಂದು ವಿಷಯ ಅವನಿಗೆ ಹೇಳಿರಲಿಲ್ಲ. ಹೋದ ವರ್ಷದ ಪ್ರವಾಹದಲ್ಲಿ ನನ್ನ ಮನೆಯೂ ಹೋಗಿತ್ತು. ಅಂದಿನಿಂದ ಅಕ್ಕನ ಮನೆಯ ನಡುಮನೆಯಲ್ಲಿ ನನ್ನ ಹಾಸಿಗೆ. ಅಕ್ಕ, ಭಾವ, ಮಕ್ಕಳು ಎಲ್ಲರೂ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಅವರೆದುರು ಅತ್ತರೆ ಅಕ್ಕ ನೊಂದುಕೊಳ್ಳುತ್ತಾಳೆಂದು ಒಂದು ಹನಿಯನ್ನೂ ಉದುರಿಸಿರಲಿಲ್ಲ. ಅವನು ಮೂಲೆ ಹುಡುಕುವಾಗಲೆಲ್ಲ ನಾನು ಚರಂಡಿ ನೋಡುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದೆ.

ಕೊನೆಗೂ ಬಸ್ ನಿಲ್ದಾಣದ ಪಕ್ಕದ ಹಳೆಯ ಫರ್ನಿಚರ್ ಗೋಡೌನ್ ಇಬ್ಬರಿಗೂ ಒಪ್ಪಿಗೆಯಾಯಿತು. ಎತ್ತರದ ಅಡಿಪಾಯ, ಅಗಲವಾದ ಬಾಗಿಲುಗಳು, ಗಾಲಿಕುರ್ಚಿ ಹತ್ತುವ ಇಳಿಜಾರು. ಹಿಂದೆ ಕಿಟಕಿಯಿರುವ ಸಣ್ಣ ಕೋಣೆ. ಊರಿನ ಬೇರೆ ಭಾಗಗಳಿಗೆ ಆಗಲೇ ಜಾಗ ಸಿಕ್ಕಿತ್ತು, ಇದೇ ಕೊನೆಯದು. ಇನ್ನು ಅವನು ಆಸ್ಪತ್ರೆಗೆ, ನಾನು ಕಚೇರಿಗೆ. ಭೇಟಿಯಾಗಲು ಕಾರಣವೇ ಇಲ್ಲ. ಅವನೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟುದ್ದದ ನಾಲಿಗೆ ಬೇಕಾದಾಗಲೇ ಎಲ್ಲಿ ಹೋಯಿತು ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಭಾನುವಾರ ಫೋನಿಗೆ ಲೊಕೇಶನ್ ಬಂತು. ಗೋಡೌನಿನಲ್ಲಿ ಏನೋ ಐಬು ಕಂಡಿರಬೇಕು, ಬೇರೆ ಜಾಗ ಹುಡುಕಿದ್ದಾನೆ ಎಂದುಕೊಂಡೆ. ಐಬಿಗೆ ಅಷ್ಟು ಖುಷಿಪಟ್ಟ ಎಂಜಿನಿಯರ್ ಇನ್ನೊಬ್ಬಳಿರಲಾರಳು. ಟೇಪು ಹಿಡಿದು ಓಡಿದೆ.

ಅದೊಂದು ಸಣ್ಣ ಮನೆ. ಬಾಗಿಲು ತೆರೆದ ಹಿರಿಯ ಹೆಂಗಸಿಗೆ ನಮಸ್ಕರಿಸಿ ನೇರ ಕೆಲಸಕ್ಕಿಳಿದೆ.

“ಪ್ರವಾಹದಲ್ಲಿ ನೀರು ಎಲ್ಲಿವರೆಗೂ ಬಂದಿತ್ತಮ್ಮ?”

“ಮೆಟ್ಟಿಲು ದಾಟಿಲ್ಲ ಕಣಮ್ಮ.”

“ಟಾಯ್ಲೆಟ್ ಎಷ್ಟಿದೆ?”

“ಒಂದೇ,” ಆಕೆ ಅಳುಕಿದರು.

“ಸಾಕಾಗಲ್ಲ. ಎಷ್ಟು ಜನ ಮಲಗಬಹುದು?”

“ಈಗ ನಾವಿಬ್ರೇ. ಮುಂದೆ ಮಕ್ಕಳು ಮರಿ ಆದ್ರೆ ಮೇಲೊಂದು ರೂಮ್ ಹಾಕಿಸ್ಬಹುದು.” ಆಕೆ ಒಳಗೆ ತಿರುಗಿ ಕೂಗಿದರು: “ಲೋ, ನೀನು ಹೇಳಿದ ಹುಡುಗಿ ಬಂದಿದ್ದಾಳೆ ಕಣೋ. ಮನೆಯೆಲ್ಲ ಅಳೆದು ನೋಡ್ತಿದ್ದಾಳೆ. ಇಷ್ಟು ಮುಂದಾಲೋಚನೆ ಇರೋಳೇ ಬೇಕು ನಮ್ಮನೆಗೆ.”

ಟೀ ಲೋಟ ಹಿಡಿದು ಅಡುಗೆಮನೆಯಿಂದ ಹೊರಬಂದವನು ಮೂಲೆ ಮಹಾರಾಯ. ನನ್ನ ಕೈಯ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನ ತಾಯಿ ಇನ್ನೊಂದು ಲೋಟ ತರಲು ಒಳಗೆ ಹೋದರು.

“ಇದು ನಿಮ್ಮನೆನಾ?”

“ಹೌದು. ಏನಾದ್ರೂ ಬರೆಯೋಕೆ ಧೈರ್ಯ ಸಾಲಲಿಲ್ಲ. ಲೊಕೇಶನ್ ಕಳಿಸಿ ಅಭ್ಯಾಸ ಇತ್ತಲ್ಲ.”

“ಊರವರ ಮಾತೆಲ್ಲ ಕೇಳ್ತೀರಿ. ನಿಮ್ಮ ಮಾತು ಹೇಳೋಕೆ ಬರಲ್ವಾ?”

“ಈಗ ಹೇಳ್ತೀನಿ. ನೀವಂದ್ರೆ ನನಗೆ ಇಷ್ಟ. ಗುಡ್ಡ ಹತ್ತಿದ ದಿನದಿಂದ.”

ಆಗಲೂ ಗತ್ತು ಬಿಡಲಿಲ್ಲ. “ಮನೆಯೇನೋ ಚೆನ್ನಾಗಿದೆ. ಅಳೋಕೆ ಮೂಲೆ ಎಲ್ಲಿ?” ತಮಾಷೆಗೆಂದೇ ಕೇಳಿದೆ.

ಅವನು ನಗಲಿಲ್ಲ. ಬಾಗಿಲ ಹಿಂದಿನ ಗಿಡ್ಡ ಬೆಂಚು ತೋರಿಸಿದ. “ಅಪ್ಪ ಹೋದಾಗ ಅಮ್ಮ ಅಲ್ಲೇ ಕೂರ್ತಿದ್ರು. ಯಾರೂ ಮಾತಾಡಿಸ್ತಿರ್ಲಿಲ್ಲ.” ಮತ್ತೆ ನನ್ನ ಕಡೆ ತಿರುಗಿದ: “ನಾನು ಮೂಲೆ ಹುಡುಕಿದಾಗೆಲ್ಲ ನೀವು ಚರಂಡಿ ನೋಡೋಕೆ ಹೋಗ್ತಿದ್ರಿ. ಯಾಕೆ ಅಂತ ಕೇಳಲ್ಲ. ಬೇಕಿದ್ರೆ ಕೂತ್ಕೊಳ್ಳಿ.”

ಹೋಗಿ ಕೂತೆ. ಮನೆ ಹೋದ ಮೇಲೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತೆ. ಅವನು ನನಗೆ ಬೆನ್ನು ಮಾಡಿ ನಿಂತ. ಓಡಿಬಂದ ತಾಯಿಯನ್ನು ಕೈಸನ್ನೆಯಲ್ಲೇ ತಡೆದ.

ಮೂಗೊರೆಸಿಕೊಂಡು ಏಳುವ ಹೊತ್ತಿಗೆ ಟೀ ತಣ್ಣಗಾಗಿತ್ತು. ತಾಯಿ ಆತಂಕದಿಂದ ಹತ್ತಿರ ಬಂದರು.

“ಟಾಯ್ಲೆಟ್ ಒಂದೇ ಇದೆ ಅಂತ ಬೇಜಾರಾಯ್ತೇನಮ್ಮ?”

“ಇಲ್ಲಮ್ಮ,” ಎಂದೆ ಅವನ ಕಡೆ ನೋಡುತ್ತ. “ಮೂರು ಜನಕ್ಕೆ ಸಾಕು.”